ಸಸಿ ಬದುಕಲು ಪೊದೆ ಕಡಿಯಬೇಕೆ? ಕಾಡಿನಲ್ಲಿ ಕಳೆ ತೆಗೆಯುವ ಲೆಕ್ಕಾಚಾರ

ಮಳೆಗಾಲ ಶುರುವಾದರೆ ಬೆಂಗಳೂರಿನ ಸುತ್ತಮುತ್ತಲಿಂದ ಎರಡು ಬಗೆಯ ಸುದ್ದಿ ಒಟ್ಟೊಟ್ಟಿಗೆ ಬರುತ್ತವೆ. ಒಂದು, ವನಮಹೋತ್ಸವದಲ್ಲಿ ಇಷ್ಟು ಸಾವಿರ ಸಸಿ ನೆಟ್ಟರು ಎಂಬುದು. ಇನ್ನೊಂದು, ಕೂಲಿಯಾಳುಗಳು ಮಚ್ಚು, ಬ್ರಷ್ ಕಟರ್, ಕೆಲವೆಡೆ ಜೆಸಿಬಿಯನ್ನೇ ತಂದು ಕಾಡಂಚಿನ ಪೊದೆಗಳನ್ನು ಸವರುತ್ತಿರುವ ವಿಡಿಯೋ. 'ಹಸಿರು ಬೆಳೆಸುತ್ತೇವೆ ಎಂದು ಇದ್ದ ಹಸಿರನ್ನೇ ಕಡಿಯುತ್ತಿದ್ದಾರೆ' ಎಂಬ ಸಿಟ್ಟಿನ ಮಾತು ಅದರ ಜೊತೆಗಿರುತ್ತದೆ. ಅರಣ್ಯ ಇಲಾಖೆಯವರು 'ಅದು ಕಳೆ, ಸಸಿಗಾಗಿ ತೆಗೆಯುತ್ತಿದ್ದೇವೆ' ಎನ್ನುತ್ತಾರೆ. ಪರಿಸರಾಸಕ್ತರಲ್ಲೂ ಒಮ್ಮತವಿಲ್ಲ. ಲಂಟಾನ ಎಂಬ ವಿದೇಶಿ ಮುಳ್ಳುಪೊದೆಯನ್ನು ತೆಗೆಯಲೇಬೇಕು ಎನ್ನುವವರೂ ಅವರೇ, ಕುರುಚಲು ಕಾಡನ್ನು ಮುಟ್ಟಬೇಡಿ ಎನ್ನುವವರೂ ಅವರೇ. ಸುದ್ದಿ ಓದಿದವರಿಗೆ ಯಾರ ಮಾತು ಸರಿ ಎಂದು ತೋಚುವುದಿಲ್ಲ.

ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಗೊಂದಲ ಹುಟ್ಟುವುದು 'ತೆಗೆಯಬೇಕೇ, ಬೇಡವೇ' ಎಂದು ಕೇಳುವುದರಿಂದ. ಕೇಳಬೇಕಾದ್ದು ಯಾವ ಗಿಡವನ್ನು, ಯಾವ ಸಸಿಯ ಸುತ್ತ, ಎಷ್ಟು ಅಗಲಕ್ಕೆ, ಯಾವ ತಿಂಗಳಲ್ಲಿ ತೆಗೆಯಬೇಕು ಎಂಬುದನ್ನು. ಕಾಡಿನ ಸಸಿಯ ಹಣೆಬರಹ ಬಹುಮಟ್ಟಿಗೆ ಮೊದಲ ಮೂರು ಮಳೆಗಾಲಗಳಲ್ಲಿ, ಅದರ ಬುಡದ ಸುತ್ತಲಿನ ಒಂದು ಮೀಟರ್ ಜಾಗದಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಕೆಲಸ ಮಾಡದೆ ಉಳಿದ ಕಡೆ ಎಕರೆಗಟ್ಟಲೆ ಸವರಿದರೆ ಸಸಿಗೂ ಲಾಭವಿಲ್ಲ, ಕಾಡಿಗೂ ಲಾಭವಿಲ್ಲ.

ಪೈಪೋಟಿ ನಡೆಯುವುದು ಮಣ್ಣಿನೊಳಗೆ

ಕಳೆ ಸಸಿಯ ಬೆಳಕು ಕದಿಯುತ್ತದೆ ಎಂಬುದು ಎಲ್ಲರ ಕಣ್ಣಿಗೆ ಕಾಣುವ ಸಂಗತಿ. ಮಲೆನಾಡಿನಂಥ ಹೆಚ್ಚು ಮಳೆಯ ಸೀಮೆಯಲ್ಲಿ ಅದೇ ದೊಡ್ಡ ಸಮಸ್ಯೆ. ಬೆಂಗಳೂರಿನ ಸುತ್ತಲಿನ ಒಣ ಕಾಡುಗಳಲ್ಲಿ, ಅಂದರೆ ಬನ್ನೇರುಘಟ್ಟ, ತುರಹಳ್ಳಿ, ಸಾವನದುರ್ಗ, ಮಾಗಡಿ ಕಡೆಯ ಗುಡ್ಡಗಳಲ್ಲಿ, ಜಗಳ ಮುಖ್ಯವಾಗಿ ನೀರಿನದು.

ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬೀಳುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದೇ ಹೇಳಬಹುದು. ಜೂನ್–ಜುಲೈನಲ್ಲಿ ನೆಟ್ಟ ಸಸಿ ಆ ನಾಲ್ಕು ತಿಂಗಳನ್ನು ಮಣ್ಣಿನಲ್ಲಿ ಉಳಿದ ತೇವದಿಂದಲೇ ದಾಟಬೇಕು. ಮೊದಲ ವರ್ಷ ಸಸಿಯ ಬೇರು ಹೆಚ್ಚಾಗಿ ತೋಡಿದ ಗುಂಡಿಯೊಳಗೇ, ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲಿ ಇರುತ್ತದೆ. ಹುಲ್ಲಿನ ಬೇರಿನ ಬಹುಪಾಲು ಇರುವುದೂ ಆ ಪದರದಲ್ಲೇ. ಹುಲ್ಲು ಮೊದಲೇ ಬೇರೂರಿದೆ, ಅದರ ಬೇರು ಹೆಚ್ಚು ದಟ್ಟ. ಹೀಗಾಗಿ ತೇವವನ್ನು ಮೊದಲು ಎಳೆದುಕೊಳ್ಳುವುದು ಹುಲ್ಲೇ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ನೀರು ಎಂದರೆ ಒಂದು ಲೀಟರ್. ಮಳೆ ನಿಂತು ಬಿಸಿಲು ಬಿದ್ದಾಗ, ಮಣ್ಣಿನಲ್ಲಿ ಇನ್ನೂ ತೇವವಿದ್ದರೆ, ದಟ್ಟವಾದ ಹಸಿರು ಹುಲ್ಲು ದಿನಕ್ಕೆ ಮೂರು ಮಿ.ಮೀ.ಯಷ್ಟು ನೀರನ್ನು ಆವಿ ಮಾಡುತ್ತದೆ ಎಂದಿಟ್ಟುಕೊಳ್ಳೋಣ. ಸಸಿಯ ಸುತ್ತ ಒಂದು ಮೀಟರ್ ವ್ಯಾಸದ ವೃತ್ತದ ವಿಸ್ತೀರ್ಣ 0.785 ಚದರ ಮೀಟರ್. ಅಷ್ಟು ಜಾಗದ ಹುಲ್ಲು ದಿನಕ್ಕೆ 2.3 ಲೀಟರಿಗೂ ಹೆಚ್ಚು, ತಿಂಗಳಿಗೆ ಸುಮಾರು 70 ಲೀಟರ್ ನೀರು ಕುಡಿಯುತ್ತದೆ. ಟ್ಯಾಂಕರ್ ತಂದು ವಾರಕ್ಕೊಮ್ಮೆ ಒಂದು ಬಕೆಟ್, ಅಂದರೆ 10 ಲೀಟರ್ ಹಾಕಿದರೂ ತಿಂಗಳಿಗೆ ಆಗುವುದು 40 ಲೀಟರ್. ಅದರಲ್ಲೂ ಒಂದು ಪಾಲು ಹುಲ್ಲಿಗೇ ಹೋಗುತ್ತದೆ. ನವೆಂಬರ್‌ನಲ್ಲಿ ಆ ವೃತ್ತವನ್ನು ಶುಚಿ ಮಾಡಿ ಹೊದಿಕೆ ಹಾಕುವುದು ಟ್ಯಾಂಕರ್‌ಗಿಂತ ಅಗ್ಗದ ನೀರಾವರಿ. ಸಸಿ ಒಣಗಿದಾಗ 'ನೀರು ಹಾಕಲಿಲ್ಲ' ಎಂದು ದೂರುತ್ತೇವೆ. ಎಷ್ಟೋ ಕಡೆ ನೀರು ಇತ್ತು, ಅದು ಪಕ್ಕದ ಹುಲ್ಲಿಗೆ ಹೋಯಿತು ಅಷ್ಟೆ.

ಬ್ರಷ್ ಕಟರ್ ಓಡಿಸಿದರೆ ಕೆಲಸ ಮುಗಿಯುವುದಿಲ್ಲ

ಹುಲ್ಲನ್ನು ಮೇಲಿಂದ ಕತ್ತರಿಸಿದರೆ ಜಾಗ ಚೊಕ್ಕವಾಗಿ ಕಾಣುತ್ತದೆ. ಫೋಟೊ ಚೆನ್ನಾಗಿ ಬರುತ್ತದೆ, ಬಿಲ್ಲೂ ಪಾಸಾಗುತ್ತದೆ. ಸಸಿಯ ಮಟ್ಟಿಗೆ ಹೆಚ್ಚೇನೂ ಬದಲಾಗಿರುವುದಿಲ್ಲ. ಹುಲ್ಲಿನ ಬೆಳವಣಿಗೆಯ ಮೊಳಕೆ ಇರುವುದು ನೆಲಮಟ್ಟದಲ್ಲಿ. ಕತ್ತರಿಸಿದಷ್ಟೂ ಹೊಸ ಚಿಗುರು, ಆ ಚಿಗುರಿಗೆ ಮತ್ತೆ ನೀರು, ಸಾರಜನಕ. ಬೇರು ಇದ್ದಲ್ಲೇ ಇರುವುದರಿಂದ ಮಣ್ಣಿನೊಳಗಿನ ಪೈಪೋಟಿ ಮುಂದುವರಿಯುತ್ತದೆ. ನಗರದ ಸುತ್ತ ಈಗ ಎಲ್ಲೆಡೆ ಹಬ್ಬಿರುವ ಗಿನಿ ಹುಲ್ಲಂತೂ ಮಳೆಯಲ್ಲಿ ಕತ್ತರಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಎದೆಯೆತ್ತರಕ್ಕೆ ಬರುತ್ತದೆ.

ಯಂತ್ರದ ಇನ್ನೊಂದು ಅಪಾಯ ಸಸಿಯ ತೊಗಟೆಗೆ. ಸುತ್ತುವ ನೈಲಾನ್ ದಾರ ಬುಡಕ್ಕೆ ತಗುಲಿದರೆ ಎಳೆಯ ತೊಗಟೆ ಸುಲಿದುಹೋಗುತ್ತದೆ. ಕಾಂಡದ ಸುತ್ತ ಪೂರ್ತಿ ಸುಲಿದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದಿಲ್ಲ. ಸಸಿ ತಕ್ಷಣ ಸಾಯದೆ ಕೆಲವು ವಾರ ಹಸಿರಾಗಿಯೇ ನಿಂತು ಆಮೇಲೆ ಒಣಗುತ್ತದೆ. ಅಷ್ಟರಲ್ಲಿ ಕಾರಣ ಯಾರಿಗೂ ನೆನಪಿರುವುದಿಲ್ಲ, ರೋಗ ಬಂತು ಎನ್ನುತ್ತಾರೆ. ಸಾಲುಗಳ ನಡುವೆ ಯಂತ್ರ ಓಡಲಿ. ಸಸಿಯ ಸುತ್ತಲಿನ ಒಂದೂವರೆ ಅಡಿ ಮಾತ್ರ ಕೈಯಲ್ಲಿ, ಕಳೆಗುದ್ದಲಿಯಲ್ಲೇ ಆಗಬೇಕು.

ಒಂದು ಮೀಟರ್ ಪಾತಿ, ಸರಿಯಾದ ತಿಂಗಳು

ಮೂರು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 1,111 ಸಸಿ. ಪ್ರತಿ ಸಸಿಗೂ ಒಂದು ಮೀಟರ್ ವ್ಯಾಸದ ಪಾತಿ ಬಿಡಿಸಿದರೆ ಶುಚಿಯಾಗುವ ಒಟ್ಟು ಜಾಗ ಸುಮಾರು 870 ಚದರ ಮೀಟರ್. ಹೆಕ್ಟೇರ್ ಎಂದರೆ 10,000 ಚದರ ಮೀಟರ್. ಅಂದರೆ ನೂರಕ್ಕೆ ಒಂಬತ್ತು ಭಾಗದಷ್ಟೂ ಮುಟ್ಟಬೇಕಿಲ್ಲ. ಸಾಲಿನುದ್ದಕ್ಕೂ ಒಂದು ಮೀಟರ್ ಪಟ್ಟಿ ತೆಗೆದರೆ ಮೂರರಲ್ಲಿ ಒಂದು ಪಾಲು ಬಯಲಾಗುತ್ತದೆ. ಜೆಸಿಬಿ ಬಿಟ್ಟರೆ ಪೂರ್ತಿ. ಸಸಿಗೆ ಸಿಗುವ ಲಾಭದ ಬಹುಪಾಲು ಮೊದಲ ವಿಧಾನದಲ್ಲೇ ಸಿಗುತ್ತದೆ. ಮಿಕ್ಕ ತೊಂಬತ್ತು ಭಾಗ ನೆಲದಲ್ಲಿ ಹಕ್ಕಿ, ಚಿಟ್ಟೆ, ಹಾವು, ಮೊಲಗಳ ನೆಲೆಯೂ, ಮಣ್ಣನ್ನು ಹಿಡಿದಿಡುವ ಬೇರೂ ಹಾಗೇ ಉಳಿಯುತ್ತವೆ. ಆಟದ ಮೈದಾನದಂತೆ ಸವರಿದ ನೆಡುತೋಪನ್ನು ಕಂಡು ಜನ ಸಿಟ್ಟಾಗುವುದು ನ್ಯಾಯವೇ.

ಕೆಲಸದ ಕ್ರಮ ಹೀಗಿರಬೇಕು. ಮೊದಲು ಪ್ರತಿ ಸಸಿಯ ಪಕ್ಕ ಎದ್ದು ಕಾಣುವಂತೆ ಒಂದು ಬಿದಿರು ಕಡ್ಡಿ ನೆಡಬೇಕು. ಇದನ್ನು ಬಿಟ್ಟರೆ ಆಳುಗಳು ಕಳೆಯ ಜೊತೆ ಸಸಿಯನ್ನೂ ಕೊಯ್ದುಬಿಡುತ್ತಾರೆ. ಪೊದೆಯೊಳಗೆ ಮೊಳಕಾಲೆತ್ತರದ ಹೊಂಗೆಯೋ ನೇರಳೆಯೋ ಕಾಣುವುದಿಲ್ಲ. ಬುಡದಿಂದ ಒಂದೂವರೆ ಅಡಿ ಸುತ್ತ ಹುಲ್ಲನ್ನು ಬೇರು ಸಮೇತ ಕೆತ್ತಬೇಕು. ಗುದ್ದಲಿ ಎರಡು ಇಂಚಿಗಿಂತ ಆಳಕ್ಕೆ ಹೋಗಬಾರದು. ಹೋದರೆ ಸಸಿಯ ಮೇಲ್ಬೇರು ಕತ್ತರಿಸುತ್ತದೆ. ಸಸಿಯ ಪಕ್ಕದ ಮೂರು ನಾಲ್ಕು ಇಂಚಿನೊಳಗೆ ಬೆರಳಿನಿಂದಲೇ ಕೀಳುವುದು ಒಳ್ಳೆಯದು. ಇಳಿಜಾರಿದ್ದರೆ ಕೆಳಬದಿಯಲ್ಲಿ ಅರ್ಧಚಂದ್ರಾಕಾರದ ಸಣ್ಣ ಬದು ಎಬ್ಬಿಸಬೇಕು, ಬಿದ್ದ ಮಳೆ ಅಲ್ಲೇ ಇಂಗುತ್ತದೆ.

ಕಿತ್ತ ಹುಲ್ಲೇ ಹೊದಿಕೆ. ಮೂರು ನಾಲ್ಕು ಇಂಚು ದಪ್ಪಕ್ಕೆ ಹರಡಿ, ಕಾಂಡದಿಂದ ಒಂದು ಗೇಣು ದೂರ ಬಿಡಬೇಕು. ಕಾಂಡಕ್ಕೆ ತಾಗಿಸಿದರೆ ಮಳೆಯಲ್ಲಿ ಬುಡ ಕೊಳೆಯುತ್ತದೆ, ಬೇಸಿಗೆಯಲ್ಲಿ ಒಣ ಹುಲ್ಲಿಗೆ ಬಂದ ಗೆದ್ದಲು ಹಾಗೇ ತೊಗಟೆಗೂ ಹತ್ತುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲಿನ ಕಾಟ ಎಲ್ಲರಿಗೂ ಗೊತ್ತಿರುವುದೇ. ಹೂವು ಬಿಟ್ಟ ಪಾರ್ಥೇನಿಯಂ ಅನ್ನು ಯಾವ ಕಾರಣಕ್ಕೂ ಹೊದಿಕೆಗೆ ಬಳಸಬಾರದು. ಒಂದೇ ಗಿಡದಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಇರಬಹುದು, ಪಾತಿಗೆ ನಾವೇ ಬಿತ್ತಿದಂತಾಗುತ್ತದೆ. ಅದನ್ನು ಕೀಳುವವರಿಗೆ ಕೈಗವಸು, ಮುಖಕ್ಕೆ ಬಟ್ಟೆ ಕೊಡಲೇಬೇಕು. ಚರ್ಮದ ಅಲರ್ಜಿ, ಉಬ್ಬಸ ಎರಡೂ ಅದರಿಂದ ಬರುತ್ತವೆ. ದಿನಗೂಲಿಯವರ ಮೈಮೇಲೆ ಈ ಕೆಲಸ ಸಾಗುತ್ತಿದೆ ಎಂಬುದನ್ನು ಗುತ್ತಿಗೆಯ ಕಾಗದಗಳು ಮರೆಯುತ್ತವೆ.

ಇನ್ನು ಸಮಯ. ಜೂನ್ ಕೊನೆಗೆ ನೆಟ್ಟಿದ್ದರೆ ಮೊದಲ ಕಳೆ ಆಗಸ್ಟ್ ಮೊದಲ ವಾರದೊಳಗೆ ಆಗಬೇಕು. ಎರಡನೆಯದು ಅಕ್ಟೋಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ, ಮಣ್ಣು ಇನ್ನೂ ಹಸಿ ಇರುವಾಗ, ಹೊದಿಕೆಯ ಸಮೇತ. ಬೇಸಿಗೆಯ ತೇವ ಉಳಿಸುವುದು ಈ ಎರಡನೆಯ ಸುತ್ತೇ. ಎರಡನೇ ವರ್ಷ ಜೂನ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ. ಮೂರನೇ ವರ್ಷ ಸಸಿಯ ಸುಳಿ ಸುತ್ತಲಿನ ಹುಲ್ಲು–ಪೊದೆಗಿಂತ ಮೇಲೆ ಬಂದಿದ್ದರೆ ಬಳ್ಳಿ ಹಬ್ಬಿದೆಯೇ ಎಂದು ನೋಡಿದರೆ ಸಾಕು. ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ ಅಲ್ಲೇ ಬಿಡಬೇಕು. ಎಳೆದರೆ ಸಸಿಯ ತುದಿಯೂ ಮುರಿದು ಬರುತ್ತದೆ.

ವಾಸ್ತವದಲ್ಲಿ ಕೆಟ್ಟುಹೋಗುವುದು ಈ ಸಮಯವೇ. ನೆಡುವುದಕ್ಕೆ ದಿನ ನಿಗದಿ, ಅತಿಥಿಗಳ ಪಟ್ಟಿ ಎಲ್ಲ ಇರುತ್ತದೆ. ಕಳೆಗೆ ಹಣ ಬಿಡುಗಡೆಯಾಗುವುದು ತಡ. ಆಗಸ್ಟ್‌ನ ಕೆಲಸ ಡಿಸೆಂಬರ್‌ಗೆ ಹೋದರೆ ಮೂರು ನಷ್ಟ. ಅಷ್ಟರಲ್ಲಿ ಕಳೆ ಬೀಜ ಉದುರಿಸಿರುತ್ತದೆ. ಮಣ್ಣಿನ ತೇವ ಆರಿರುತ್ತದೆ. ಐದು ತಿಂಗಳು ನೆರಳಲ್ಲಿ ಸಣಕಲಾಗಿ ಉದ್ದಕ್ಕೆ ಬೆಳೆದ ಸಸಿ ಒಮ್ಮೆಲೇ ಬಿಸಿಲಿಗೆ ಬಿದ್ದು ಬಾಗುತ್ತದೆ, ಎಲೆ ಸುಡುತ್ತದೆ. ಹೀಗೆ ತಡವಾದ ಕಡೆ ಒಂದೇ ದಿನ ಎಲ್ಲ ತೆಗೆಯಬಾರದು. ಮಧ್ಯಾಹ್ನದ ಬಿಸಿಲು ತಡೆಯುವ ಪಶ್ಚಿಮದ ಬದಿಯ ಗಿಡಗಳನ್ನು ಹತ್ತು ಹದಿನೈದು ದಿನ ಬಿಟ್ಟು ಆಮೇಲೆ ತೆಗೆದರೆ ಸಸಿ ಚೇತರಿಸಿಕೊಳ್ಳುತ್ತದೆ.

ಲಂಟಾನದ ವಿಷಯ ಬೇರೆ

ಹುಲ್ಲಿಗೆ ಹೇಳಿದ್ದು ಲಂಟಾನಕ್ಕೆ ನಡೆಯುವುದಿಲ್ಲ. ಹಳ್ಳಿಗಳಲ್ಲಿ ರೋಜವಾರ ಎಂದು ಕರೆಯುವ ಈ ಮುಳ್ಳುಪೊದೆ ಅಮೆರಿಕ ಖಂಡದ ಮೂಲದ್ದು, 19ನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂತು. ನೆಲಮಟ್ಟದಲ್ಲಿ ಕಡಿದರೆ ಬುಡದ ಗಂಟಿನಿಂದ ಒಂದರ ಜಾಗದಲ್ಲಿ ಹತ್ತು ಕಾಂಡ ಏಳುತ್ತವೆ. ಪ್ರತಿ ವರ್ಷ ಲಂಟಾನ ಕಡಿಯುವುದು, ಪ್ರತಿ ವರ್ಷ ಅದು ಹೆಚ್ಚುವುದು ನಡೆದೇ ಇರುವುದಕ್ಕೆ ಕಾರಣ ಇದು.

ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಅವರ ತಂಡ ಬಳಕೆಗೆ ತಂದ ವಿಧಾನ ಇದಕ್ಕೆ ಉತ್ತರ. ಇಬ್ಬರು ಸೇರಿ ಮಾಡುವ ಕೆಲಸ. ಒಬ್ಬರು ಉದ್ದ ಕೋಲಿನಿಂದ ಪೊದೆಯನ್ನು ಒಂದು ಬದಿಗೆ ಒತ್ತಿ ಬಗ್ಗಿಸುತ್ತಾರೆ. ಇನ್ನೊಬ್ಬರು ಬುಡದ ಮಣ್ಣು ಸರಿಸಿ, ನೆಲಮಟ್ಟಕ್ಕಿಂತ ಮೂರರಿಂದ ಐದು ಸೆಂ.ಮೀ. ಕೆಳಗೆ, ಚಿಗುರೊಡೆಯುವ ಗಂಟಿನ ಕೆಳಭಾಗದಲ್ಲಿ ತಾಯಿಬೇರನ್ನು ಕತ್ತರಿಸುತ್ತಾರೆ. ಆಮೇಲೆ ಇಡೀ ಪೊದೆಯನ್ನು ತಲೆಕೆಳಗಾಗಿ, ಬೇರು ಆಕಾಶಕ್ಕೆ ಮುಖ ಮಾಡುವಂತೆ ಮಗುಚಿ ಬಿಡುತ್ತಾರೆ. ಬುಡ ಮಣ್ಣಿಗೆ ತಾಗಿದರೆ ಮತ್ತೆ ಬೇರುಬಿಡುತ್ತದೆ, ಅದಕ್ಕೇ ಈ ಎಚ್ಚರ. ಮಣ್ಣು ಹೆಚ್ಚು ಕದಡುವುದಿಲ್ಲ, ನಡುವೆ ಇದ್ದ ನಾಡ ಗಿಡಗಳಿಗೂ ಪೆಟ್ಟಾಗುವುದಿಲ್ಲ. ಹೂವು–ಕಾಯಿ ಇಲ್ಲದ ಹೊತ್ತಿನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು.

ಇದರ ಮುಂದಿನ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಲಂಟಾನದ ಹಣ್ಣು ತಿಂದ ಪಿಕಳಾರಗಳು ಕೂರುವುದು ಮರದ ಮೇಲೆ, ಹಿಕ್ಕೆ ಹಾಕುವುದು ಅದರ ಕೆಳಗೆ. ಆದ್ದರಿಂದ ಹೊಸ ಲಂಟಾನ ಮೊದಲು ಏಳುವುದು ಉಳಿಸಿಕೊಂಡ ಮರಗಳ ಅಡಿಯಲ್ಲೇ. ಮುಂದಿನ ಎರಡು ಮೂರು ಮಳೆಗಾಲ ಆ ಜಾಗಗಳಿಗೆ ಹೋಗಿ ಎಳೆಯ ಸಸಿಗಳನ್ನು ಕೈಯಲ್ಲಿ ಕೀಳದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ತೆರವಾದ ಜಾಗಕ್ಕೆ ಬೇರೊಂದು ಬರಬೇಕು, ಅದು ಯಾವುದು ಎಂದು ನಾವು ನಿರ್ಧರಿಸದಿದ್ದರೆ ಪಾರ್ಥೇನಿಯಮ್ಮೋ ಯುಪಟೋರಿಯಮ್ಮೋ ನಿರ್ಧರಿಸುತ್ತದೆ. ಜೆಸಿಬಿ ಮಣ್ಣು ತಿರುವಿ ಹಾಕಿದ ಕಡೆಗಳಲ್ಲಿ ಹೀಗೆ ಆಗುವುದು ಹೆಚ್ಚು: ಒಂದು ಕಳೆ ಹೋಗಿ ಇನ್ನೊಂದು ಬರುತ್ತದೆ, ಜೊತೆಗೆ ಮತ್ತೆ ಚಿಗುರಬಹುದಾಗಿದ್ದ ದಿಂಡಿಗ, ಮುತ್ತುಗಗಳ ಹಳೆಯ ಬೇರುಗಳೂ ಕಿತ್ತುಹೋಗಿರುತ್ತವೆ.

ಲಂಟಾನ ಹಬ್ಬಿದ್ದಕ್ಕೆ ಮನುಷ್ಯರ ತೀರ್ಮಾನಗಳೂ ಕಾರಣ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ಹಗುರವಾದ ತರಗು ಬೆಂಕಿ ಹಾಕುತ್ತಿದ್ದರು. ಎಳೆಯ ಲಂಟಾನ ಅದರಲ್ಲೇ ಸುಟ್ಟುಹೋಗುತ್ತಿತ್ತು ಎನ್ನುತ್ತಾರೆ ಅವರು. ಬೆಂಕಿ ಹಾಕುವುದನ್ನು ನಿಲ್ಲಿಸಿದ ಮೇಲೆ ಪೊದೆ ಆಳೆತ್ತರವಾಯಿತು. ಆಳೆತ್ತರದ ಒಣ ಲಂಟಾನಕ್ಕೆ ಈಗ ಬೆಂಕಿ ಬಿದ್ದರೆ ಅದು ನೆಲದಲ್ಲಿ ಉಳಿಯದೆ ಮರದ ತಲೆಗೆ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಈ ಪೊದೆಗಳೇ ಮುಖ್ಯ ಉರುವಲಾದವು. ಹಾಗಾಗಿ ಇಂದು ಹಳೆಯ ಪದ್ಧತಿಗೆ ನೇರವಾಗಿ ಮರಳಲೂ ಆಗದು. ಮೊದಲು ಪೊದೆಯ ರಾಶಿ ಇಳಿಯಬೇಕು. ಕಿತ್ತ ಲಂಟಾನದ ಕಡ್ಡಿಯಿಂದ ಪೀಠೋಪಕರಣ ಮಾಡುವ ಕೆಲಸ ಮಲೆ ಮಹದೇಶ್ವರ ಬೆಟ್ಟದ ಸೋಲಿಗರಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ನೆರವಿನಿಂದ ಬೆಳೆದಿದೆ, ಲಂಟಾನದ ಕಡ್ಡಿಯಿಂದ ಮಾಡಿದ ಆನೆಗಳ ಪ್ರತಿಕೃತಿಗಳನ್ನು ನಗರದ ಜನ ಲಾಲ್‌ಬಾಗ್‌ನಲ್ಲಿ ನೋಡಿಯೂ ಇದ್ದಾರೆ. ಜನರಿಗೆ ಆದಾಯ ತರುವ ಈ ದಾರಿ ಒಳ್ಳೆಯದೇ. ಆದರೆ ಕಾಡಿನಲ್ಲಿರುವ ರಾಶಿಯ ಮುಂದೆ ಅದು ತೀರ ಸಣ್ಣದು.

ನೀಲಗಿರಿಯ ಬೊಡ್ಡೆಗಳು

ಬೆಂಗಳೂರು ಗ್ರಾಮಾಂತರ, ಕೋಲಾರ, ಚಿಕ್ಕಬಳ್ಳಾಪುರ ಕಡೆ ಇನ್ನೊಂದು ತೊಡಕಿದೆ. ರಾಜ್ಯದಲ್ಲಿ ನೀಲಗಿರಿ ನೆಡುವುದನ್ನು 2017ರಲ್ಲಿ ನಿಷೇಧಿಸಿದ ಮೇಲೆ ಹಳೆಯ ತೋಪುಗಳಲ್ಲಿ ನಾಡ ಮರ ಬೆಳೆಸುವ ಮಾತು ಹೆಚ್ಚಿದೆ. ನೀಲಗಿರಿ ಕಡಿದ ಬೊಡ್ಡೆಗೆ ಹತ್ತಾರು ವರ್ಷದ ಆಳದ ಬೇರು ಇರುತ್ತದೆ. ಅದರ ಕೂಳೆ ಚಿಗುರಿನ ಪಕ್ಕ ನೆಟ್ಟ ಒಂದಡಿ ಹೊಂಗೆ ಯಾವ ಲೆಕ್ಕಕ್ಕೂ ಇಲ್ಲ. ಚಿಗುರು ಮೊಳಕಾಲೆತ್ತರ ಬಂದಾಗಲೆಲ್ಲ, ಸುಮಾರು ಆರರಿಂದ ಎಂಟು ವಾರಕ್ಕೊಮ್ಮೆ, ಗುದ್ದಲಿಯ ಹಿಂಬದಿಯಿಂದ ಹೊಡೆದು ಬುಡದಿಂದ ಬಿಡಿಸುತ್ತಾ ಹೋದರೆ ಬೇರಿನಲ್ಲಿ ಕೂಡಿಟ್ಟ ಆಹಾರ ಖರ್ಚಾಗಿ ಬೊಡ್ಡೆ ಸೋಲುತ್ತದೆ. ಎರಡು ವರ್ಷ ಹಿಡಿಯಬಹುದು. ನಡುವೆ ಆರು ತಿಂಗಳು ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ಬೊಡ್ಡೆಯನ್ನೇ ಯಂತ್ರದಿಂದ ಕಿತ್ತರೆ ಒಂದೇ ಸಲಕ್ಕೆ ಮುಗಿಯುತ್ತದೆ, ಆದರೆ ಮೇಲ್ಮಣ್ಣು ಬುಡಮೇಲಾಗುತ್ತದೆ. ಇಳಿಜಾರಿಲ್ಲದ ಹೊಲಗಳಲ್ಲಿ ಅದು ನಡೆಯಬಹುದು, ಗುಡ್ಡದಲ್ಲಿ ಬೇಡ.

ಕಳೆನಾಶಕ ಸಿಂಪಡಿಸಿದರೆ ಆಗದೆ?

ಅಗ್ಗ, ಬೇಗ ಎಂಬ ಕಾರಣಕ್ಕೆ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅಮೆರಿಕ, ಕೆನಡಾದ ಹಲವು ಭಾಗಗಳಲ್ಲಿ ಎಳೆಯ ತೋಪುಗಳಿಗೆ ಗ್ಲೈಫೊಸೇಟ್ ಎಂಬ ಕಳೆನಾಶಕ ಬಳಸುವುದು ರೂಢಿ. ಅದೇ ಕೆನಡಾದ ಕ್ವಿಬೆಕ್ ಪ್ರಾಂತ್ಯ 2001ರಿಂದ ಸರ್ಕಾರಿ ಕಾಡುಗಳಲ್ಲಿ ರಾಸಾಯನಿಕ ಕಳೆನಾಶಕ ನಿಲ್ಲಿಸಿ ಆಳು–ಯಂತ್ರಗಳಿಂದಲೇ ಕೆಲಸ ಮಾಡಿಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಗ್ಲೈಫೊಸೇಟನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಒಪ್ಪಲಿಲ್ಲ. ಭಾರತದಲ್ಲಿ ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆ, ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕ ಮಾತ್ರ ಅದನ್ನು ಬಳಸಬೇಕು ಎಂದು ನಿರ್ಬಂಧ ಹೇರಿತು.

ಕಾನೂನಿನಾಚೆಗೂ ತೊಂದರೆಗಳಿವೆ. ಈ ಮದ್ದಿಗೆ ಹುಲ್ಲು, ಸಸಿ ಎಂಬ ಭೇದವಿಲ್ಲ. ಗಾಳಿಗೆ ತೇಲಿದ ಹನಿ ಸಸಿಯ ಎಲೆಗೋ ಹಸಿರು ತೊಗಟೆಗೋ ತಗುಲಿದರೆ ಸಸಿಯೂ ಹಳದಿಯಾಗುತ್ತದೆ. ಕೆರೆಯ ಕೆಸರು ನೀರಿನಲ್ಲಿ ಕಲಸಿದರೆ ಮಣ್ಣಿನ ಕಣಕ್ಕೆ ಅಂಟಿಕೊಂಡು ಶಕ್ತಿ ಕಳೆದುಕೊಳ್ಳುತ್ತದೆ. ಕೆಲವು ಗಂಟೆಗಳೊಳಗೆ ಮಳೆ ಬಂದರೆ ತೊಳೆದುಹೋಗುತ್ತದೆ, ಕಳೆ ಜೋರಾಗಿರುವುದು ಮಳೆಗಾಲದಲ್ಲೇ. ಕೆರೆ, ರಾಜಕಾಲುವೆಗಳ ಪಕ್ಕದ ನೆಡುತೋಪುಗಳಲ್ಲಿ ಇದನ್ನು ಬಳಸುವ ಮಾತೇ ಬರಬಾರದು.

ಕೀಟಗಳ ದಾರಿಯೂ ಒಂದಿದೆ. ಪಾರ್ಥೇನಿಯಂ ತಿನ್ನುವ ಮೆಕ್ಸಿಕೊ ದುಂಬಿಯನ್ನು ದೇಶದಲ್ಲಿ ಮೊದಲು ಬಿಟ್ಟದ್ದು ಬೆಂಗಳೂರಿನಲ್ಲೇ, 1984ರಲ್ಲಿ. ಮಳೆ ಬಿದ್ದ ಮೇಲೆ ಮಣ್ಣಿನಿಂದ ಎದ್ದು ಬಂದು ಎಲೆ ಮೇಯುವ ಈ ದುಂಬಿ ಪಾರ್ಥೇನಿಯಂ ಹಾವಳಿಯನ್ನು ಅಲ್ಲಲ್ಲಿ ತಗ್ಗಿಸುತ್ತದೆ, ನಿರ್ಮೂಲ ಮಾಡುವುದಿಲ್ಲ. ಲಂಟಾನದ ಮೇಲೆ ಬಿಟ್ಟ ಕೀಟಗಳು ಅಷ್ಟೂ ಫಲ ಕೊಟ್ಟಿಲ್ಲ.

'ಮುಟ್ಟಬೇಡಿ' ಎನ್ನುವವರ ವಾದ

ಈ ವಾದವನ್ನು ಭಾವುಕತೆ ಎಂದು ತಳ್ಳಿಹಾಕುವುದು ತಪ್ಪು. ಒಣ ಸೀಮೆಯಲ್ಲಿ ಪಕ್ಕದ ಪೊದೆ ಸಸಿಗೆ ಪೈಪೋಟಿಗಾರನೂ ಹೌದು, ರಕ್ಷಕನೂ ಹೌದು. ಕಾರೆ, ಕವಳೆ, ತಂಗಡಿ, ಬಂದರೆಯಂಥ ನಾಡ ಪೊದೆಗಳ ಮಡಿಲಲ್ಲಿ ನೆಲ ತಂಪಾಗಿರುತ್ತದೆ, ತರಗೆಲೆ ಕೂಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಳ್ಳಿನೊಳಗಿನ ಸಸಿಗೆ ಮೇಕೆಯ ಬಾಯಿ ತಲುಪುವುದಿಲ್ಲ. ತುರಹಳ್ಳಿಯಂಥ ಕಲ್ಲುಗುಡ್ಡಗಳಲ್ಲಿ ತಾನಾಗಿ ಹುಟ್ಟಿದ ಸಸಿಗಳನ್ನು ಹುಡುಕಿದರೆ ಹೆಚ್ಚು ಸಿಗುವುದು ಇಂಥ ಪೊದೆಗಳ ಅಂಚಿನಲ್ಲೇ. ಎಲ್ಲವನ್ನೂ ಸವರಿ ನಡುವೆ ಹಸಿರು ಸಸಿಯೊಂದನ್ನೇ ನಿಲ್ಲಿಸಿದರೆ ಮೇಕೆ, ಜಿಂಕೆ, ಮೊಲಗಳಿಗೆ ಎಡೆ ಇಟ್ಟ ಹಾಗೆ.

ಅದಕ್ಕೇ ಮಾಡಬಹುದಾದ ಇನ್ನೊಂದು ಕೆಲಸವಿದೆ: ನೆಡದೇ ಬೆಳೆಸುವುದು. ಪೊದೆ ತೆಗೆಯುವ ಮೊದಲು ಪ್ರದೇಶವನ್ನು ನಡೆದು ನೋಡಿ, ತಾನಾಗಿ ಬಂದ ಮುತ್ತುಗ, ದಿಂಡಿಗ, ಬೇವು, ನೇರಳೆ ಸಸಿಗಳಿಗೆಲ್ಲ ಕಡ್ಡಿ ನೆಟ್ಟು ಗುರುತು ಹಾಕಬೇಕು. ಅವುಗಳ ಸುತ್ತ ಮಾತ್ರ ಪಾತಿ ಬಿಡಿಸಬೇಕು. ನಡುವಿನ ಎತ್ತರದ ಹುಲ್ಲನ್ನು ಕೊಯ್ಯದೆ ಮಲಗಿಸಬಹುದು. ಸುಮಾರು ಒಂದು ಮೀಟರ್ ಉದ್ದದ ಹಲಗೆಯ ಎರಡು ತುದಿಗೆ ಹಗ್ಗ ಕಟ್ಟಿ, ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಹಲಗೆಯನ್ನು ಹುಲ್ಲಿನ ಮೇಲಿಟ್ಟು ಕಾಲಿನಿಂದ ತುಳಿಯುತ್ತಾ ಮುಂದೆ ಸಾಗುವ ಈ ವಿಧಾನವನ್ನು ಫಿಲಿಪ್ಪೀನ್ಸ್‌ನಲ್ಲಿ ವ್ಯಾಪಕವಾಗಿ ಬಳಸಿದ್ದಾರೆ. ದಂಟು ಕತ್ತರಿಸದೆ ಬಗ್ಗಿ ಮುರಿಯುವುದರಿಂದ ಹೊಸ ಚಿಗುರು ಕಡಿಮೆ. ಮಲಗಿದ ಹುಲ್ಲೇ ಕೆಳಗಿನ ಹುಲ್ಲಿಗೆ ಮುಸುಕಾಗುತ್ತದೆ. ಹುಲ್ಲು ಒಂದು ಮೀಟರಿಗಿಂತ ಎತ್ತರವಿದ್ದರೆ ಮಾತ್ರ ಇದು ಕೆಲಸಕ್ಕೆ ಬರುತ್ತದೆ, ಗಿಡ್ಡ ಹುಲ್ಲು ಮತ್ತೆ ಎದ್ದು ನಿಲ್ಲುತ್ತದೆ.

ಕೆಲವು ಜಾಗಗಳಲ್ಲಿ ಮಾತ್ರ ಕಳೆ ಎಂಬ ಮಾತೇ ಎದ್ದೇಳಬಾರದು. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಹುಲ್ಲೇ ಕಾಡು. ಅಲ್ಲಿ ಸಸಿ ನೆಟ್ಟು, ಆ ಸಸಿಗಾಗಿ ಹುಲ್ಲು ಕೆತ್ತಿದರೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ, ಬೇಟೆಹಕ್ಕಿಗಳ ನೆಲೆ ಹಾಳಾಗುತ್ತದೆ.

ಹಣ ಯಾವುದಕ್ಕೆ ಸಿಗುತ್ತದೆ ಎಂಬುದೇ ಮುಖ್ಯ

ಮುಂದೆ ಏನಾಗಬಹುದು ಎಂಬುದನ್ನು ಹಣದ ಹರಿವು ಹೇಳುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ತಂದ ಹಸಿರು ಕ್ರೆಡಿಟ್ ಯೋಜನೆಯ ಪ್ರಕಾರ ಕಂಪನಿಗಳು ಬರಡು ಅರಣ್ಯಭೂಮಿಯಲ್ಲಿ ಮರ ಬೆಳೆಸಲು ಹಣ ಕೊಟ್ಟು ಕ್ರೆಡಿಟ್, ಅಂದರೆ ಆ ಕೆಲಸಕ್ಕೆ ಲೆಕ್ಕ ಹಾಕಿ ಕೊಡುವ ಅಂಕ, ಪಡೆಯಬಹುದು. 2024ರ ಫೆಬ್ರುವರಿಯ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಮರಗಳ ಲೆಕ್ಕವಿತ್ತು. 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿ, ಕನಿಷ್ಠ ಐದು ವರ್ಷ ಕೆಲಸ ಮಾಡಿ ನೆಲದ ಶೇ 40ರಷ್ಟು ಭಾಗಕ್ಕೆ ಮರದ ಹಂದರ (ಕೊಂಬೆ–ಎಲೆಗಳ ಚಾವಣಿ) ಮೂಡಿದ ಮೇಲೆ, ಬದುಕುಳಿದ ಮರಗಳ ಆಧಾರದಲ್ಲಿ ಕ್ರೆಡಿಟ್ ಎಂದು ಮಾಡಲಾಯಿತು.

ನೆಟ್ಟದ್ದನ್ನು ಬಿಟ್ಟು ಉಳಿದದ್ದನ್ನು ಎಣಿಸುವುದು ಖಂಡಿತ ಒಳ್ಳೆಯ ಬದಲಾವಣೆ. ಇದರಿಂದ ಎರಡನೇ, ಮೂರನೇ ವರ್ಷದ ಕಳೆ ಕೆಲಸಕ್ಕೆ ಬೆಲೆ ಬರುತ್ತದೆ. ಇದರೊಳಗೇ ಒಂದು ಅಪಾಯವೂ ಇದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರ್ಗೀಕರಣದಲ್ಲಿ ಕುರುಚಲು ಕಾಡು ಎಂದರೆ ಹಂದರ ಶೇ 10ಕ್ಕಿಂತ ಕಡಿಮೆ ಇರುವುದು. ಬೆಂಗಳೂರಿನ ಸುತ್ತಲಿನ ಎಷ್ಟೋ ಗುಡ್ಡಗಳ ಸಹಜ ಸ್ವಭಾವವೇ ಅದು. ಅಂಥ ಕಡೆ ಐದು ವರ್ಷದಲ್ಲಿ ಶೇ 40 ತಲುಪಬೇಕೆಂದರೆ ಬೇಗ ಬೆಳೆಯುವ ಮರಗಳನ್ನು ಒತ್ತೊತ್ತಾಗಿ ನೆಟ್ಟು, ಅವಕ್ಕೆ ಅಡ್ಡ ಬರುವ ನಾಡ ಪೊದೆಗಳನ್ನೆಲ್ಲ 'ಕಳೆ' ಎಂದು ತೆಗೆಯುವ ಒತ್ತಡ ಬರುತ್ತದೆ. ಜನ ವಿಡಿಯೋ ಮಾಡಿ ಹಾಕುವ ದೃಶ್ಯಗಳು ಆಗ ಇನ್ನೂ ಹೆಚ್ಚುತ್ತವೆ. ಜಾಗದ ಸ್ವಭಾವ ನೋಡಿ ಗುರಿ ನಿಗದಿಪಡಿಸುವುದು, ಕಳೆ ಕೆಲಸದ ಹಣವನ್ನು ನೆಡುವ ಹಣದ ಜೊತೆಗೇ ಮೂರು ವರ್ಷಕ್ಕೆ ಮೀಸಲಿಡುವುದು, ಈ ಎರಡು ಆಗದೆ ನಿಯಮ ಬದಲಿಸಿ ಪ್ರಯೋಜನವಿಲ್ಲ.

ನಿಮ್ಮ ಬಡಾವಣೆಯ ಪಕ್ಕ ಪೊದೆ ಕಡಿಯುವುದು ಕಂಡರೆ

ಮೊದಲು ನೋಡಬೇಕಾದದ್ದು ಬಿದಿರು ಕಡ್ಡಿ. ಸಸಿಗಳಿಗೆ ಗುರುತು ಇದ್ದು, ಅವುಗಳ ಸುತ್ತ ಮಾತ್ರ ನೆಲ ಶುಚಿಯಾಗಿದ್ದರೆ ಅದು ಸಸಿಗಾಗಿ ನಡೆಯುತ್ತಿರುವ ಕೆಲಸ. ಗುರುತೇ ಇಲ್ಲದೆ ಎಲ್ಲ ಸಮತಟ್ಟಾಗಿದ್ದರೆ ಕೇಳುವ ಹಕ್ಕು ನಿಮಗಿದೆ. ಕಡಿದ ಲಂಟಾನದ ಬುಡ ನೆಲದಲ್ಲೇ ಉಳಿದಿದೆಯೇ, ತಲೆಕೆಳಗಾಗಿ ಮಗುಚಿದ್ದಾರೆಯೇ ನೋಡಿ. ಕಿತ್ತದ್ದರಲ್ಲಿ ತಂಗಡಿ, ಕಾರೆ, ಕವಳೆ ಎಷ್ಟಿದೆ ಎಂದು ನೋಡಿ. ಅವು ರಾಶಿಯಲ್ಲಿದ್ದರೆ ಆಳುಗಳಿಗೆ ಗಿಡ ಗುರುತಿಸಿ ಹೇಳಿಕೊಟ್ಟವರಿಲ್ಲ ಎಂದರ್ಥ. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋದರೆ ನೆಡುತೋಪಿನ ದಾಖಲೆಯಲ್ಲಿ ನೆಟ್ಟ ವರ್ಷ, ಸಸಿಗಳ ಜಾತಿ, ಈ ಹಿಂದೆ ಕಳೆ ತೆಗೆದ ತಿಂಗಳು ಇರಬೇಕು. ಮಾಹಿತಿ ಹಕ್ಕಿನಡಿ ಕೇಳಿಯೂ ಪಡೆಯಬಹುದು.

ತಾವೇ ಹೋಗಿ ಕಳೆ ಕೀಳಲು ಬಯಸುವ ಉತ್ಸಾಹಿ ಗುಂಪುಗಳು ನಗರದಲ್ಲಿ ಬಹಳ ಇವೆ. ಅನುಮತಿಯಿಲ್ಲದೆ ಮೀಸಲು ಅರಣ್ಯಕ್ಕಾಗಲಿ ಬನ್ನೇರುಘಟ್ಟದಂಥ ರಾಷ್ಟ್ರೀಯ ಉದ್ಯಾನಕ್ಕಾಗಲಿ ಇಳಿಯುವುದು ಅಪರಾಧ. ಅನುಮತಿ ಪಡೆದು, ಗಿಡ ಗುರುತಿಸಬಲ್ಲ ಒಬ್ಬರನ್ನು ಜೊತೆಗಿಟ್ಟುಕೊಂಡು, ಜುಲೈನ ನೆಡುವ ಭಾನುವಾರದ ಬದಲು ನವೆಂಬರ್ ಮೊದಲ ವಾರ ಹೋಗುವುದು ಒಳ್ಳೆಯದು. ಆಗ ಮಣ್ಣು ಹಸಿ ಇರುತ್ತದೆ, ಬೇರು ಸಲೀಸಾಗಿ ಬರುತ್ತದೆ, ಹಿಂದಿನ ವರ್ಷಗಳಲ್ಲಿ ನೆಟ್ಟ ಸಸಿಗಳು ಹುಲ್ಲಿನೊಳಗೆ ಇನ್ನೂ ಜೀವಂತ ಇರುತ್ತವೆ. ಇಬ್ಬರು ಸೇರಿ ಒಂದು ಬೆಳಗ್ಗೆ ಮೂವತ್ತು ನಲವತ್ತು ಪಾತಿ ಬಿಡಿಸಿ ಹೊದಿಕೆ ಹಾಕಬಹುದು.